ಕೊನೆಭಾಗದ ಊರಿಗೆ ಒಂದು ಸಭೆ



ದತ್ತಿ ಉಪನ್ಯಾಸ ಅಂದರೆ ಸಾಮಾನ್ಯವಾಗಿ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಹಿಡಿದು ಮಾತಾಡುವುದು ವಾಡಿಕೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಬಡಾವಣೆಯ ಜನ ಒಂದು ಕಡೆ ಸೇರಿ ತಮ್ಮ ಬೀದಿಯ ಭದ್ರತೆ, ತಮ್ಮ ನೀರು ಮತ್ತು ಮಳೆ, ತಮ್ಮ ಚುನಾವಣೆ, ಈ ಮೂರನ್ನೂ ಕೂತು ಮಾತಾಡುವುದು ಹೇಗೆ ಎಂಬುದು ವಿಷಯ. ದೊಡ್ಡ ನಗರಗಳಲ್ಲಿ ಇದಕ್ಕೆಂದೇ ನಿವಾಸಿಗಳ ಸಂಘಗಳಿವೆ, ಕಚೇರಿಗಳಿವೆ, ಲೆಟರ್‌ಹೆಡ್ಡುಗಳಿವೆ. ನಮ್ಮ ಮಲೆಬೆನ್ನೂರಿನಂಥ ಊರಲ್ಲಿ ಏನಿದೆ? ಅರಳಿಕಟ್ಟೆ ಇದೆ, ಹೋಟೆಲಿನ ಬೆಂಚಿದೆ, ರೈಸ್‌ಮಿಲ್ಲಿನ ಕಾಟಾ ಪಕ್ಕದ ನೆರಳಿದೆ. ಮಾತಿಗೇನೂ ಬರವಿಲ್ಲ. ಆ ಮಾತು ಒಂದು ಪುಸ್ತಕದಲ್ಲಿ ದಾಖಲಾಗಿ, ಅದಕ್ಕೆ ಒಬ್ಬ ಅಧಿಕಾರಿ ಉತ್ತರ ಕೊಡಲೇಬೇಕು ಅನ್ನುವ ಜಾಗ ಮಾತ್ರ ಇಲ್ಲ.

ನಾನು ಹೇಳಬೇಕಾದದ್ದು ಒಂದೇ ಸಂಗತಿ. ಮಲೆಬೆನ್ನೂರು ಗ್ರಾಮ ಪಂಚಾಯಿತಿಯಾಗಿದ್ದಾಗ ಇಲ್ಲಿನ ಮತದಾರನಿಗೆ ಕಾಯ್ದೆಬದ್ಧವಾದ ಒಂದು ಸಭೆ ಇತ್ತು. ಊರು ಪುರಸಭೆಯಾಯಿತು, ಮೇಲ್ದರ್ಜೆಗೆ ಏರಿತು ಎಂದೆವು. ಮುಖ್ಯಾಧಿಕಾರಿ ಬಂದರು, ಅನುದಾನದ ಲೆಕ್ಕ ಬದಲಾಯಿತು, ಕಂದಾಯ ಏರಿತು. ಆ ಸಭೆ ಮಾತ್ರ ಹೋಯಿತು. ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಭದ್ರತೆ, ನೀರು, ಚುನಾವಣೆ ಈ ಮೂರರಲ್ಲೂ ನಮ್ಮ ಇವತ್ತಿನ ತೊಂದರೆಗಳು ಆ ಖಾಲಿ ಜಾಗದ ಸುತ್ತಲೇ ಇವೆ ಎಂಬುದು ನನ್ನ ವಾದ.

ಸಭೆ ಹೋದದ್ದು ಹೇಗೆ

ಪಂಚಾಯತ್ ರಾಜ್ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ 1983ರಲ್ಲಿ ಬಂದ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ಕೊಟ್ಟಿತು. 1987ರಲ್ಲಿ ಚುನಾವಣೆಯೂ ಆಯಿತು. ಜನ ಅವರನ್ನು ನೀರ್ ಸಾಬ್ ಎಂದು ಕರೆದದ್ದು ಕೊರೆಸಿದ ಬೋರ್‌ವೆಲ್ಲುಗಳಿಗಾಗಿ. ಅಧಿಕಾರವನ್ನು ಹಳ್ಳಿಗೆ ಇಳಿಸಿದ್ದು ಅದಕ್ಕಿಂತ ದೊಡ್ಡ ಕೆಲಸ. ಆಮೇಲೆ ಸಂವಿಧಾನದ 73ನೇ ಮತ್ತು 74ನೇ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಮೊದಲನೆಯದು ಹಳ್ಳಿಗೆ, ಎರಡನೆಯದು ಪಟ್ಟಣಕ್ಕೆ.

ಇವೆರಡೂ ಅಣ್ಣತಮ್ಮಂದಿರಂತೆ ಒಟ್ಟಿಗೆ ಬಂದರೂ ಪಾಲು ಮಾತ್ರ ಸಮವಾಗಲಿಲ್ಲ. 73ನೆಯದು ಗ್ರಾಮಸಭೆಯನ್ನು ಸಂವಿಧಾನದಲ್ಲೇ ಹೆಸರಿಸಿತು. ಅದರ ಬೆನ್ನಿಗೆ ಬಂದ ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್ ಸಭೆ, ಗ್ರಾಮಸಭೆಗಳು ನಡೆಯಲೇಬೇಕು. ಫಲಾನುಭವಿಗಳ ಪಟ್ಟಿ ಅಲ್ಲಿ ಓದಬೇಕು, ಲೆಕ್ಕ ಅಲ್ಲಿ ಇಡಬೇಕು. ಪಟ್ಟಣದ ತಿದ್ದುಪಡಿಯಲ್ಲಿ ಹಾಗಿಲ್ಲ. ಅಲ್ಲಿ 243ಎಸ್ ಎಂಬ ವಿಧಿ ವಾರ್ಡ್ ಸಮಿತಿಯ ಮಾತಾಡುತ್ತದೆ, ಆದರೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರಲ್ಲಿ ರಾಜ್ಯ ಸರ್ಕಾರ ಮಹಾನಗರ ಪಾಲಿಕೆಗಳ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ, ಅದರ ಕೆಳಗೆ ಏರಿಯಾ ಸಭೆ ಎಂಬ ವ್ಯವಸ್ಥೆ ಮಾಡಿತು. ಅದೂ ಪಾಲಿಕೆಗಳಿಗೇ. ಬೆಂಗಳೂರಿನವರು, ಮಂಗಳೂರಿನವರು ಅದನ್ನು ಜಾರಿ ಮಾಡಿಸಿಕೊಳ್ಳಲು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ನಮ್ಮ ಜಿಲ್ಲೆಗೆ ಇದನ್ನು ಅನ್ವಯಿಸಿ ನೋಡಿ. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 4 ಲಕ್ಷ ದಾಟಿತ್ತು. ಅಲ್ಲಿನ ನಾಗರಿಕ ಕಾಯ್ದೆ ತೋರಿಸಿ ವಾರ್ಡ್ ಸಮಿತಿ ಕೇಳಬಹುದು. ಕುಣಿಬೆಳಕೆರೆಯ ರೈತ, ಕುಂಬಳೂರಿನ ಕೂಲಿಕಾರ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಪ್ರಶ್ನೆ ಮಾಡಬಹುದು. ಮಧ್ಯೆ ಸಿಕ್ಕಿಕೊಂಡವರು ಹರಿಹರದ, ಮಲೆಬೆನ್ನೂರಿನ ಜನ. ಹಳ್ಳಿಯವನಿಗೆ ಇರುವ ಸಭೆ ನಮಗಿಲ್ಲ, ನಗರದವನಿಗೆ ಇರುವ ಸಮಿತಿಯೂ ನಮಗಿಲ್ಲ.

ಇದು ಹೀಗೇ ಇರಬೇಕೆಂಬ ನಿಯಮವೇನೂ ಇಲ್ಲ. ಪಕ್ಕದ ಕೇರಳ 1994ರ ತನ್ನ ಮುನಿಸಿಪಾಲಿಟಿ ಕಾಯ್ದೆಯಡಿ ಸಣ್ಣ ನಗರಸಭೆಗಳ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಕೊಟ್ಟಿದೆ. ಆ ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು. ಅಂದರೆ ಕಾಸರಗೋಡು ಪಟ್ಟಣದಲ್ಲಿರುವ ಕನ್ನಡಿಗನಿಗೆ ಇರುವ ಹಕ್ಕು ಮಲೆಬೆನ್ನೂರಿನ ಕನ್ನಡಿಗನಿಗೆ ಇಲ್ಲ. ಕಾಸರಗೋಡಿನ ಕನ್ನಡದ ಬಗ್ಗೆ ನಾವು ವರ್ಷಕ್ಕೊಮ್ಮೆ ಭಾಷಣ ಮಾಡುತ್ತೇವೆ. ಅಲ್ಲಿಂದ ಕಲಿಯಬೇಕಾದ್ದೂ ಇದೆ ಅನ್ನುವುದನ್ನು ಜೊತೆಗೆ ಸೇರಿಸಿಕೊಳ್ಳೋಣ.

ಹರಿದ್ರೆಯ ಕಟ್ಟೆ

ಕೂತು ಮಾತಾಡಿ ಒಪ್ಪಂದ ಮಾಡಿಕೊಳ್ಳುವುದು ಈ ನೆಲಕ್ಕೆ ಹೊಸದಲ್ಲ. ಅದಕ್ಕೆ ಸಾಕ್ಷಿ ಹರಿಹರದ ಶಾಸನಗಳು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಎಂಬುದು ನಮಗೆಲ್ಲ ಗೊತ್ತು. ಪ್ರವಾಸಿಗರಿಗೂ ಅದನ್ನೇ ಹೇಳುತ್ತೇವೆ. ಅಲ್ಲಿ ಇನ್ನೊಂದು ಶಾಸನ ಇದೆ, 1410ರದು. ವಿಜಯನಗರದ ಒಂದನೇ ದೇವರಾಯನ ಕಾಲ. ಸೂಳೆಕೆರೆಯಿಂದ ಹೊರಟು ಬರುವ ಹಳ್ಳ, ಅಂದರೆ ಹರಿದ್ರಾ ನದಿಗೆ, ಕಟ್ಟೆ ಹಾಕಿ ಕಾಲುವೆ ತೋಡಿದ ವಿಷಯ ಅದರಲ್ಲಿದೆ. ಕಾಲುವೆ ದೇವರ ಭೂಮಿಯನ್ನು ದಾಟಿ ಬರಬೇಕು. ಕಟ್ಟಿಸಿದವರು ಊರಿನ ಬ್ರಾಹ್ಮಣರು. ಆದ್ದರಿಂದ ನೀರುಣ್ಣುವ ಭೂಮಿಯನ್ನು ಎರಡೂ ಕಡೆಯವರು ಪಾಲು ಮಾಡಿಕೊಂಡರು. ಮುಂದೆ ಕಟ್ಟೆ, ಕಾಲುವೆಗೆ ಬರುವ ಖರ್ಚನ್ನೂ ಪಾಲಿಗೆ ತಕ್ಕಂತೆ ಹೊರಬೇಕು ಎಂದು ಕಲ್ಲಿನ ಮೇಲೆ ಬರೆಸಿದರು. 1424ರ ಹೊತ್ತಿಗೆ ಕಟ್ಟೆ ಒಡೆಯಿತು. ಮತ್ತೆ ಹಣ ಹೊಂದಿಸಿ ದುರಸ್ತಿ ಮಾಡಿಸಿದ ಸಂಗತಿಗೆ ಇನ್ನೊಂದು ಶಾಸನವಿದೆ.

ಆ ಒಪ್ಪಂದದಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಗದ್ದೆಗೆ ಇಳಿದು ದುಡಿದವನ ಹೆಸರು ಅಲ್ಲಿಲ್ಲ, ಹೆಣ್ಣಿನ ದನಿ ಇಲ್ಲ. ಆ ಕಾಲವನ್ನು ಹಾಡಿ ಹೊಗಳಲು ನಾನು ಅದನ್ನು ತೆಗೆಯಲಿಲ್ಲ. ಅದರಿಂದ ಎರಡು ವಿಷಯ ಮಾತ್ರ ಹೆಕ್ಕಿಕೊಳ್ಳೋಣ. ನೀರು ಬರುವ ಮೊದಲೇ ಪಾಲು ತೀರ್ಮಾನವಾಗಿತ್ತು. ಆ ತೀರ್ಮಾನ ಯಾರು ಬೇಕಾದರೂ ಹೋಗಿ ನೋಡುವಂಥ ಜಾಗದಲ್ಲಿ ಬರೆದಿತ್ತು. ಈಗ ಭದ್ರಾ ನಾಲೆಯ ಕೊನೆಭಾಗದಲ್ಲಿ ನಿಂತು ಈ ಎರಡನ್ನೂ ನೆನೆಸಿಕೊಳ್ಳಿ.

ನೀರು, ಮಳೆ, ಹವಾಮಾನ

ಲಕ್ಕವಳ್ಳಿಯ ಭದ್ರಾ ಡ್ಯಾಂ ತುಂಬಿದರೆ 186 ಅಡಿ, 71.5 ಟಿಎಂಸಿ. ಅಚ್ಚುಕಟ್ಟು ಸುಮಾರು 2.6 ಲಕ್ಷ ಎಕರೆ. ಅದರ ದೊಡ್ಡ ಪಾಲು ದಾವಣಗೆರೆ ಜಿಲ್ಲೆಯದು. ಬಲದಂಡೆಯಿಂದ ಬರುವ ನೀರು ದಾವಣಗೆರೆ ಶಾಖಾ ನಾಲೆ, ಮಲೆಬೆನ್ನೂರು ಶಾಖಾ ನಾಲೆ ಎಂದು ಕವಲಾಗುತ್ತದೆ. ಈ ಊರಿನ ಹೆಸರು ನಾಲೆಗೇ ಅಂಟಿಕೊಂಡಿದೆ. ಇಲ್ಲಿನ ಮಿಲ್ಲು, ಇಲ್ಲಿನ ಲಾರಿ, ಇಲ್ಲಿನ ಬ್ಯಾಂಕು, ಇಲ್ಲಿನ ಮದುವೆ ಎಲ್ಲವೂ ಭತ್ತದ ಮೇಲೆ ನಿಂತಿವೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಡ್ಯಾಂ ತುಂಬಲಿಲ್ಲ. ನಾಟಿ ಮುಗಿದ ಮೇಲೆ ನೀರನ್ನು ಕೆಲ ದಿನ ಬಿಟ್ಟು ಕೆಲ ದಿನ ನಿಲ್ಲಿಸುವ, ಅಂದರೆ ಆನ್-ಆಫ್ ಮಾಡುವ ತೀರ್ಮಾನ ಬಂತು; ಸೆಪ್ಟೆಂಬರಿನಲ್ಲಿ ದಾವಣಗೆರೆ ಬಂದ್ ಆಯಿತು. ಮರುವರ್ಷದ ಬೇಸಿಗೆಯಲ್ಲಿ ಭತ್ತವೇ ಇಲ್ಲ, ತೋಟ ಉಳಿಸಿಕೊಳ್ಳಲು ಮಾತ್ರ ನೀರು. 2025ರ ಜೂನಿನಲ್ಲಿ ಬಲದಂಡೆ ನಾಲೆಯನ್ನು ಸೀಳಿ ಬೇರೆ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ಮತ್ತೆ ಬೀದಿಗಿಳಿದೆವು. ಕಡೂರು, ಹೊಸದುರ್ಗದವರಿಗೂ ಬಾಯಾರಿಕೆ ಇದೆ. ನಮಗೂ ಗದ್ದೆ ಇದೆ. ಈ ಎರಡು ಬೇಡಿಕೆಗಳನ್ನು ಎದುರಾಬದುರು ಕೂರಿಸಿ ಮಾತಾಡಿಸುವ ಜಾಗ ಇಲ್ಲದ್ದರಿಂದ ರಸ್ತೆಯಲ್ಲಿ ಟೈರು ಸುಡುವುದೊಂದೇ ದಾರಿಯಾಗುತ್ತದೆ.

ತೀರ್ಮಾನಗಳು ಆಗುವುದು ಎಲ್ಲಿ? ಶಿವಮೊಗ್ಗದ ಮಲವಗೊಪ್ಪದಲ್ಲಿರುವ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿ, ನೀರಾವರಿ ಸಲಹಾ ಸಮಿತಿಯ ಸಭೆ. ನಮ್ಮವರು ಬೆಳಗಾಗೆದ್ದು ಹೊನ್ನಾಳಿ ದಾರಿಯಲ್ಲಿ ಗಾಡಿ ಮಾಡಿಕೊಂಡು ಹೋಗಿ, ಗೇಟಿನ ಹೊರಗೆ ಕೂಗಿ, ಸಂಜೆಗೆ ತೀರ್ಮಾನವನ್ನು ಮೊಬೈಲಿನಲ್ಲಿ ಓದಿಕೊಂಡು ವಾಪಸಾಗುತ್ತಾರೆ. ಆಮೇಲೆ ಶುರುವಾಗುತ್ತದೆ ರಾತ್ರಿಯ ಕೆಲಸ. ಟಾರ್ಚು ಹಿಡಿದ ನಾಲ್ಕು ಜನ ನಾಲೆ ಏರಿಯ ಮೇಲೆ ಬೈಕಿನಲ್ಲಿ ಹೋಗುತ್ತಾರೆ. ಮೇಲಿನ ಊರಿನವರು ತೂಬಿಗೆ ಕಟ್ಟಿದ ಅಡ್ಡ ತೆಗೆಯುತ್ತಾರೆ. ನೀರು ಬಿಡುವ ಸೌಡಿಯನ್ನು ಎಬ್ಬಿಸಿ ಗೇಟು ಎತ್ತಿಸುತ್ತಾರೆ. ಇವರು ತಿರುಗಿ ಬರುವಷ್ಟರಲ್ಲಿ ಮೇಲಿನವರು ಬಂದು ಇಳಿಸಿರುತ್ತಾರೆ. ಬೆಳಿಗ್ಗೆ ಕೊನೆಭಾಗದ ಗದ್ದೆಯಲ್ಲಿ ಬಿರುಕು ಹಾಗೇ ಇರುತ್ತದೆ, ಬೈಗುಳ ಮಾತ್ರ ಇಳಿದು ಬಂದಿರುತ್ತದೆ. ನಾಲೆಗೆ ಇಟ್ಟ ಅಕ್ರಮ ಪಂಪ್‌ಸೆಟ್ಟುಗಳ ಮೇಲೆ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂತು. ಶಿಕ್ಷೆ, ದಂಡ ಎರಡೂ ಹೆಚ್ಚಾದವು. ಒಳ್ಳೆಯದೇ. ಆದರೆ ಮೇಲೆ ಎಷ್ಟು ಪಂಪು ಇವೆ, ಯಾವ ತೂಬಿಗೆ ಯಾವ ದಿನ ಎಷ್ಟು ನೀರು ಹೋಯಿತು ಎಂಬ ಪಟ್ಟಿ ಕೊನೆಭಾಗದ ಊರಿನ ಗೋಡೆಯ ಮೇಲೆ ಇಲ್ಲದಿದ್ದರೆ ಕಾಯ್ದೆ ಯಾರ ಕೈಲೂ ನಡೆಯುವುದಿಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಇರುವುದೇ ಇದಕ್ಕೆ. ಅವುಗಳಲ್ಲಿ ಎಷ್ಟು ಜೀವಂತವಾಗಿವೆ ಎಂದು ಇಲ್ಲಿ ಕೂತವರೇ ಹೇಳಬೇಕು.

ಹವಾಮಾನ ನೀತಿ ಅಂದರೆ ಪ್ಯಾರಿಸ್, ಗ್ಲಾಸ್ಗೋ ಎಂದು ನಮಗೆ ಅನ್ನಿಸುತ್ತದೆ. ಗ್ಲಾಸ್ಗೋದಿಂದ ಮಲೆಬೆನ್ನೂರು ಬಹಳ ದೂರವೇನಿಲ್ಲ. 2021ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಅನಿಲವನ್ನು ತಗ್ಗಿಸುವ ವಾಗ್ದಾನಕ್ಕೆ ಸೇರಿದವು. ಭಾರತ ಸೇರಲಿಲ್ಲ. ಮೀಥೇನ್ ಹುಟ್ಟುವ ದೊಡ್ಡ ಮೂಲಗಳಲ್ಲಿ ದನಕರು, ನೀರು ನಿಂತ ಭತ್ತದ ಗದ್ದೆ ಎರಡೂ ಇವೆ. ಸಣ್ಣ ರೈತನ ಹೊಟ್ಟೆಪಾಡಿನ ಮೇಲೆ ಹೊರೆ ಹೇರಲಾಗದು ಎಂಬುದು ದೇಶದ ನಿಲುವು. ಅಂದರೆ ಆ ದೊಡ್ಡ ಮೇಜಿನ ಮೇಲೆ ನಮ್ಮ ಗದ್ದೆಯೂ ಇತ್ತು, ನಾವು ಮಾತ್ರ ಇರಲಿಲ್ಲ.

ಗದ್ದೆಯನ್ನು ಸದಾ ನೀರಲ್ಲಿ ನಿಲ್ಲಿಸದೆ ಒಮ್ಮೆ ನೆನೆಸಿ ಒಮ್ಮೆ ಆರಿಸುವ ಪದ್ಧತಿಯನ್ನು ಭತ್ತದ ವಿಜ್ಞಾನಿಗಳು ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಇಳುವರಿ ತಗ್ಗದೆ ನೀರು ಶೇ. 30ರವರೆಗೂ ಉಳಿಯಬಹುದು, ಮೀಥೇನ್ ಕೂಡ ಗಣನೀಯವಾಗಿ ಇಳಿಯುತ್ತದೆ. ಕೇಳಿದರೆ ಇದು ಆನ್-ಆಫ್ ತರಹವೇ ಇದೆ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಭರವಸೆಯಲ್ಲಿ. ಇನ್ನು ಹತ್ತು ದಿನಕ್ಕೆ ನೀರು ಖಂಡಿತ ಬರುತ್ತದೆ ಎಂದು ಗೊತ್ತಿರುವ ರೈತ ಗದ್ದೆ ಆರಿಸುತ್ತಾನೆ. ಬರುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿರುವವನು ಸಿಕ್ಕಾಗ ಒಡ್ಡು ತುಂಬ ನಿಲ್ಲಿಸಿಕೊಳ್ಳುತ್ತಾನೆ. ಅವನದು ದುರಾಸೆಯಲ್ಲ, ಭಯ. ಹವಾಮಾನದ ದೊಡ್ಡ ನೀತಿ ನಮ್ಮಲ್ಲಿ ಜಾರಿಯಾಗುವುದು ತೂಬಿನ ಬಾಯಲ್ಲಿ. ಅಲ್ಲಿ ನಂಬಿಕೆ ಹುಟ್ಟಿಸುವುದು ವೇಳಾಪಟ್ಟಿ. ಆ ಪಟ್ಟಿಯನ್ನು ಕಾಯುವುದು ಸಭೆ.

ಭತ್ತ ಬಿಟ್ಟು ಅಡಿಕೆಗೆ ಹೋಗುತ್ತಿರುವವರ ಮಾತೂ ಅಷ್ಟೇ. ಚನ್ನಗಿರಿ ಕಡೆಯಿಂದ ಶುರುವಾದ ತೋಟ ಈಗ ನಮ್ಮ ಅಚ್ಚುಕಟ್ಟಿನೊಳಗೂ ಬಂದಿದೆ. ಆಳು ಸಿಗುವುದಿಲ್ಲ, ಭತ್ತದ ದರ ಸಾಲದು ಎಂದು ತೋಟ ಮಾಡಿದವನನ್ನು ಬೈದು ಪ್ರಯೋಜನವಿಲ್ಲ. ಆದರೆ ತೋಟಕ್ಕೆ ಬೇಸಿಗೆಯಲ್ಲೂ ನೀರು ಬೇಕು, ಗದ್ದೆಗೆ ಹಂಗಾಮಿನಲ್ಲಿ ಬೇಕು. ಒಂದೇ ನಾಲೆಯ ಎರಡು ಬೆಳೆಯವರು ಒಂದೇ ಕಡೆ ಕೂರದಿದ್ದರೆ ಬರದ ವರ್ಷದಲ್ಲಿ ಒಬ್ಬರಿಗೊಬ್ಬರು ಶತ್ರುಗಳಾಗುತ್ತಾರೆ.

ಅತಿಮಳೆಯದು ಇನ್ನೊಂದು ಕಥೆ. ತುಂಗಭದ್ರೆ ಉಕ್ಕಿದಾಗ ಉಕ್ಕಡಗಾತ್ರಿಯ ಸ್ನಾನಘಟ್ಟ ಮುಳುಗುತ್ತದೆ, ಫತ್ಯಾಪುರದ ದಾರಿ ಬಂದ್ ಆಗುತ್ತದೆ, ಹರಿಹರದ ಗಂಗಾನಗರಕ್ಕೆ ನೀರು ನುಗ್ಗುತ್ತದೆ. ಅಧಿಕಾರಿಗಳು ಬರುತ್ತಾರೆ, ಕಾಳಜಿ ಕೇಂದ್ರ ತೆರೆಯುತ್ತಾರೆ, ನದಿ ಇಳಿಯುತ್ತದೆ, ಫೈಲು ಮುಚ್ಚುತ್ತದೆ. ಯಾವ ಮನೆಗೆ ಎಷ್ಟು ಅಡಿ ನೀರು ಬಂತು ಎಂದು ಆ ಬೀದಿಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬರೆದಿಟ್ಟುಕೊಂಡವರು ಮಾತ್ರ ಯಾರೂ ಇಲ್ಲ.

ಭದ್ರತೆ ಎಂದರೆ

ಊರಿನ ಭದ್ರತೆಯ ಬಗ್ಗೆ ನಮ್ಮಲ್ಲಿ ನಡೆಯುವ ಒಂದೇ ಸಾರ್ವಜನಿಕ ಸಭೆ ಶಾಂತಿಸಭೆ. ಗಣಪತಿ ಹಬ್ಬಕ್ಕೆ ಮೊದಲು, ಈದ್ ಮಿಲಾದಿಗೆ ಮೊದಲು, ಠಾಣೆಯ ಆವರಣದಲ್ಲಿ ಶಾಮಿಯಾನ ಹಾಕುತ್ತಾರೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಎರಡೂ ಕಡೆಯ ಮುಖಂಡರು, ಹಿಂದೆ ಗಣಪತಿ ಸಮಿತಿಯ ಹುಡುಗರು, ಪಕ್ಕದಲ್ಲಿ ಮಸೀದಿ ಕಮಿಟಿಯವರು. ಡಿಜೆ ಎಷ್ಟು ಹೊತ್ತಿನವರೆಗೆ, ಮೆರವಣಿಗೆ ಯಾವ ದಾರಿ, ಫ್ಲೆಕ್ಸ್ ಎಲ್ಲಿ ಕಟ್ಟಬಾರದು ಎಂದು ಅಧಿಕಾರಿಗಳು ಓದುತ್ತಾರೆ. ಮಾತು ಮುಗಿಯುತ್ತ ಬಂದಾಗ ಹಿಂದಿನ ಸಾಲಿನಿಂದ ಯಾರೋ ಏಳುತ್ತಾರೆ: "ಸಾರ್, ಆ ತಿರುವಿನಲ್ಲಿ ಕರೆಂಟಿನ ವೈರು ಜೋತು ಬಿದ್ದಿದೆ, ಗಣಪತಿಗೆ ತಾಗುತ್ತೆ." ಇನ್ನೊಬ್ಬರು: "ನಮ್ಮ ಬೀದಿ ಲೈಟು ಉರಿಯೋದೇ ಇಲ್ಲ." ಆಗ ಪುರಸಭೆಯವರು, ಬೆಸ್ಕಾಂನವರು ಬರೆದುಕೊಳ್ಳುತ್ತಾರೆ. ಹಬ್ಬದೊಳಗೆ ವೈರು ಮೇಲೇರುತ್ತದೆ, ಮೆರವಣಿಗೆ ಹೋಗುವ ರಸ್ತೆಯ ಗುಂಡಿ ಮುಚ್ಚುತ್ತದೆ. ಮೆರವಣಿಗೆ ಹೋಗದ ಬೀದಿಯ ಗುಂಡಿ ಹಾಗೇ ಉಳಿಯುತ್ತದೆ.

ಇದನ್ನು ನೋಡಿ ನಗಬಹುದು. ನನಗೆ ಕಾಣುವುದು ಬೇರೆ. ಎರಡು ಸಮುದಾಯದ ಜನ ಒಂದೇ ಶಾಮಿಯಾನದಡಿ ಕೂತಾಗ ಬೀದಿದೀಪದ ಮಾತು ತಾನಾಗಿ ಮೇಲೆ ಬರುತ್ತದೆ. ಆದರೆ ನಮ್ಮನ್ನು ಆ ಶಾಮಿಯಾನಕ್ಕೆ ಕರೆಯುವುದು ಜಗಳವಾದೀತೆಂಬ ಭಯ. ಗಲಾಟೆಯ ಸಾಧ್ಯತೆ ಇದ್ದಾಗ ಮಾತ್ರ ಕೂರುವವರು ಒಬ್ಬರನ್ನೊಬ್ಬರು ಗಲಾಟೆಯ ಕಣ್ಣಿಂದಲೇ ನೋಡುತ್ತಾರೆ. ಗಣಪತಿಗೂ ಈದಿಗೂ ಸಂಬಂಧವಿಲ್ಲದ ಒಂದು ಮಂಗಳವಾರ, ಚರಂಡಿ ಹೂಳಿನ ವಿಷಯಕ್ಕೆ ಅದೇ ಜನ ಕೂತರೆ ಹಬ್ಬದ ಹೊತ್ತಿಗೆ ಪೊಲೀಸರ ಅರ್ಧ ಕೆಲಸ ಹಗುರಾಗುತ್ತದೆ.

ಪೊಲೀಸ್ ಇಲಾಖೆಗೂ ಇದು ಗೊತ್ತಿದೆ. 2017ರಲ್ಲಿ ರಾಜ್ಯದಲ್ಲಿ ಉಪಬೀಟ್ ಪದ್ಧತಿ ತಂದರು. ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣದಾಗಿ ಒಡೆದು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಆ ಪ್ರದೇಶದ ನಾಗರಿಕರನ್ನು ಜೊತೆ ಮಾಡಿದರು. 2025ರಲ್ಲಿ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮ ಬಂತು. ಪೊಲೀಸರು ಮನೆಗೆ ಬರುವುದು ಸರಿ. ಬಂದವರ ಮುಂದೆ ಒಬ್ಬೊಬ್ಬ ಮನೆಯವನು ಒಂದೊಂದು ಹೇಳುವುದಕ್ಕಿಂತ ಬೀದಿಯವರೆಲ್ಲ ಕೂಡಿ ಹೇಳಿದರೆ ತೂಕ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. ಬಡಾವಣೆ ಸಂಘಗಳು ಭದ್ರತೆಯ ಮಾತೆತ್ತಿದೊಡನೆ ಹೊರಗಿನಿಂದ ಬಂದವರ ಮೇಲೆ ಕಣ್ಣು ಬೀಳುತ್ತದೆ. ಉತ್ತರ ಭಾರತದಿಂದ ಮಿಲ್ಲಿಗೆ ಬಂದ ಹಮಾಲಿ ಹುಡುಗರು, ಗುಡಿಸಲು ಹಾಕಿಕೊಂಡ ಅಲೆಮಾರಿಗಳು, ಕಂಬಳಿ ಮಾರುವವರು. ನಮ್ಮದೇ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಒಂದು ಬ್ಯಾಂಕಿನಿಂದ 17 ಕೆ.ಜಿ.ಗೂ ಹೆಚ್ಚು ಚಿನ್ನ ಕಳುವಾಯಿತು. ಕೆಲ ತಿಂಗಳಲ್ಲಿ ಪೊಲೀಸರು ಅದನ್ನು ಪತ್ತೆ ಹಚ್ಚಿದರು. ಆರೋಪಿಗಳೆಂದು ಹಿಡಿದವರಲ್ಲಿ ಆ ಊರಲ್ಲೇ ವರ್ಷಗಟ್ಟಲೆ ಅಂಗಡಿ ನಡೆಸಿ, ಎಲ್ಲರಿಗೂ ಪರಿಚಯವಿದ್ದವರೂ ಇದ್ದರು. ಬಟ್ಟೆ, ಭಾಷೆ ನೋಡಿ ಕಳ್ಳನನ್ನು ಗುರುತಿಸುವೆ ಎಂಬ ಜಂಬ ಬೇಡ. ರಾತ್ರಿ ದೀಪ ಉರಿಯುತ್ತದೆಯೇ, ಕ್ಯಾಮೆರಾ ಕೆಲಸ ಮಾಡುತ್ತದೆಯೇ, ಬೀಟಿನವರು ಬಂದು ಪುಸ್ತಕಕ್ಕೆ ಸಹಿ ಹಾಕಿದರೇ ಎಂದು ಕೇಳುವುದು ಹೆಚ್ಚು ಉಪಯೋಗ.

ಭದ್ರತೆ ಅಂದರೆ ಕಳ್ಳತನ, ಗಲಾಟೆ ಎರಡೇ ಅಲ್ಲ. ಹರಿಹರ-ಶಿವಮೊಗ್ಗ ಹೆದ್ದಾರಿ ಊರ ಮಧ್ಯೆಯೇ ಹೋಗುತ್ತದೆ. ಸುಗ್ಗಿಯಲ್ಲಿ ಭತ್ತದ ಲೋಡಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಅದೇ ರಸ್ತೆಯಲ್ಲಿ. ಬಟ್ಟೆ ಒಗೆಯಲು ನಾಲೆಗೆ ಇಳಿಯುವ ಹೆಣ್ಣುಮಕ್ಕಳಿಗೆ ಮೆಟ್ಟಿಲು ಬೇಕು, ಹಿಡಿದುಕೊಳ್ಳಲು ಸರಪಳಿ ಬೇಕು. ಇವು ಯಾವ ಶಾಂತಿಸಭೆಯ ಪಟ್ಟಿಯಲ್ಲೂ ಬರುವುದಿಲ್ಲ, ಯಾಕೆಂದರೆ ಆ ಸಭೆಗೆ ಹೆಣ್ಣುಮಕ್ಕಳನ್ನು ನಾವು ಕರೆಯುವುದಿಲ್ಲ. ಹೆಳವನಕಟ್ಟೆ ಗಿರಿಯಮ್ಮ ಈ ಊರಿನ ಸೊಸೆ. ಆಕೆಯ ಹಾಡುಗಳನ್ನು ಹಸೆಮಣೆಯ ಮುಂದೆ ಹಾಡಿಸುವ ಊರು ತನ್ನ ಸಭೆಗಳಲ್ಲಿ ಹೆಣ್ಣಿಗೆ ಒಂದು ಕುರ್ಚಿ ಹಾಕಲೇಬೇಕು.

ಚುನಾವಣೆ ಮತ್ತು ಅದರ ನಡುವಿನ ದಿನಗಳು

ಮಲೆಬೆನ್ನೂರಿನಲ್ಲಿ ಮತದಾನಕ್ಕೆ ಜನ ಹಿಂದೆ ಬೀಳುವವರಲ್ಲ. ಹರಿಹರ ಕ್ಷೇತ್ರ 2013, 2018, 2023ರ ಮೂರು ಚುನಾವಣೆಗಳಲ್ಲಿ ಮೂರು ಬೇರೆ ಬೇರೆ ಪಕ್ಷಗಳನ್ನು ಗೆಲ್ಲಿಸಿತು: ಜೆಡಿಎಸ್, ಕಾಂಗ್ರೆಸ್, ಬಿಜೆಪಿ. ಮತದಾರ ಯಾರ ಮನೆಯ ಆಳೂ ಅಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೂ ಕೊನೆಭಾಗಕ್ಕೆ ನೀರು ಬರಲಿಲ್ಲ. ಬದಲಾಯಿಸುವ ಶಕ್ತಿ ನಮಗಿದೆ, ಬದಲಾದವರನ್ನು ಹಿಡಿದು ಕೇಳುವ ಜಾಗ ಇಲ್ಲ.

ಇನ್ನೂ ಒಂದು ಮಾತು. ಚುನಾವಣೆ ಐದು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ ಎಂದು ನಾವು ನಂಬಿದ್ದೇವೆ. ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಆ ನಂಬಿಕೆ ಹುಸಿಯಾಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ಪಟ್ಟಣಗಳಲ್ಲಿ ಸದಸ್ಯರು ಗೆದ್ದು ಬಂದರೂ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ತಡವಾಗಿ, ರಾಜ್ಯದ ಬಹಳಷ್ಟು ಪುರಸಭೆ, ನಗರಸಭೆಗಳು 2023ರ ಮಧ್ಯದಿಂದ 2024ರ ಆಗಸ್ಟಿನವರೆಗೆ ಅಧ್ಯಕ್ಷರಿಲ್ಲದೆ ಉಳಿದವು. ಆ ಅವಧಿಯಲ್ಲೇ ಬರ ಇತ್ತು ಎಂಬುದನ್ನು ಮರೆಯಬೇಡಿ. ಟ್ಯಾಂಕರ್ ನೀರು ಯಾವ ವಾರ್ಡಿಗೆ ಎಷ್ಟು ಎಂದು ತೀರ್ಮಾನಿಸಬೇಕಾದ ಹೊತ್ತಿನಲ್ಲಿ ಕುರ್ಚಿ ಖಾಲಿ ಇತ್ತು.

ನಾನು ಕೇಳುತ್ತಿರುವ ನಾಗರಿಕರ ಸಭೆ ಚುನಾವಣೆಗೆ ಪರ್ಯಾಯವೂ ಅಲ್ಲ, ಪ್ರತಿಸ್ಪರ್ಧಿಯೂ ಅಲ್ಲ. ಚುನಾವಣೆ ಮುಂದಕ್ಕೆ ಹೋದಾಗಲೂ ಅದು ನಡೆಯುತ್ತದೆ. ಚುನಾವಣೆ ಬಂದಾಗ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದು, ಐದು ಪ್ರಶ್ನೆಗಳನ್ನು ಎಲ್ಲರಿಗೂ ಒಂದೇ ರೀತಿ ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಳ್ಳುತ್ತದೆ. ಯಾರಿಗೆ ಓಟು ಎಂದು ಹೇಳುವುದಿಲ್ಲ. ಹೇಳಿದ ದಿನ ಅದು ಸಭೆಯಾಗಿ ಉಳಿಯದೆ ಪಕ್ಷದ ಘಟಕವಾಗುತ್ತದೆ.

ನದಿ ಕಾಯ್ದವರು

ಕಾಯ್ದೆಯ ಬೆಂಬಲವಿಲ್ಲದೆ ಜನರ ಕೂಟ ಏನು ಮಾಡೀತು ಎಂದು ಕೇಳುವವರಿಗೆ ತುಂಗಭದ್ರೆಯ ಆಚೆ ದಡವನ್ನು ತೋರಿಸುತ್ತೇನೆ. 1984ರ ಹೊತ್ತಿಗೆ ಕುಮಾರಪಟ್ಟಣದ ಕೆಳಗೆ ನದಿಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಅಲ್ಲಿನ ಕಾರ್ಖಾನೆಯ ತ್ಯಾಜ್ಯದ ಪ್ರಶ್ನೆ ಎದ್ದಿತು. ದಂಡೆಯ ಹಳ್ಳಿಗಳ ಮೀನುಗಾರರು, ರೈತರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕೂಡಿ ಹೋರಾಟ ಕಟ್ಟಿದರು. ಅದೇ ಕೈಗಳು ಇನ್ನೊಂದು ಕೆಲಸವನ್ನೂ ಹಿಡಿದವು. ಕಾರ್ಖಾನೆಗೆ ಪಲ್ಪ್ ಮರ ಬೆಳೆಯಲು ಸರ್ಕಾರ ಸುಮಾರು 30,000 ಹೆಕ್ಟೇರ್ ಗೋಮಾಳ, ಕಾವಲು ಭೂಮಿಯನ್ನು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಸುಪ್ರೀಂ ಕೋರ್ಟಿಗೆ ಹೋದವರ ಮುಂದೆ ಶಿವರಾಮ ಕಾರಂತರ ಹೆಸರಿತ್ತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಹರಿಹರದವರಿಗೆ ಇದು ಅಷ್ಟು ಸರಳ ಕಥೆಯಾಗಿರಲಿಲ್ಲ. ಕಾರ್ಖಾನೆಯಲ್ಲಿ ನಮ್ಮ ಮನೆಗಳ ಹುಡುಗರೇ ಕೆಲಸಕ್ಕಿದ್ದರು. ಅನ್ನವೂ ಅಲ್ಲೇ, ಹೊಲಸು ನೀರೂ ಅಲ್ಲೇ. ನಿಜವಾದ ನಾಗರಿಕ ಪ್ರಶ್ನೆಗಳೆಲ್ಲ ಹೀಗೇ ಬರುತ್ತವೆ, ಎರಡೂ ಕಡೆ ನಮ್ಮವರೇ ಇರುತ್ತಾರೆ. ರೈಸ್‌ಮಿಲ್ಲಿನ ಹೊಟ್ಟಿನ ಬೂದಿ ಹಾರಿ ಪಕ್ಕದ ಬೀದಿಯ ಮಕ್ಕಳ ಕಣ್ಣಿಗೆ ಬೀಳುವಾಗ ಮಿಲ್ಲಿನ ಮಾಲೀಕರೂ ಊರವರೇ, ಹಮಾಲರೂ ಊರವರೇ, ಕಣ್ಣುಜ್ಜಿಕೊಳ್ಳುವ ಮಗುವೂ ಊರದೇ. ಇಂಥದ್ದನ್ನು ಬೆಂಗಳೂರಿನ ಮಂಡಳಿಗೆ ಅರ್ಜಿ ಬರೆದು ಬಗೆಹರಿಸುವುದಕ್ಕಿಂತ ಮೊದಲು ಎದುರು ಕೂರಿಸಿ ಕೇಳಬೇಕು.

ನಾಳೆಯಿಂದ ಆಗುವ ಕೆಲಸ

ಕೊನೆಯದಾಗಿ, ಏನು ಮಾಡಬಹುದು ಎಂದು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಪ್ರತಿ ವಾರ್ಡಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಸಭೆ. ಶಾಲೆಯ ಅಂಗಳ ಸಾಕು. ಗುಡಿ, ಮಸೀದಿ, ಸಮುದಾಯ ಭವನ ಯಾವುದೂ ಬೇಡ. ಬರಲು ಯಾರಿಗೂ ಹಿಂಜರಿಕೆ ಆಗಬಾರದು. ಹೊತ್ತು ಹೆಣ್ಣುಮಕ್ಕಳಿಗೆ ಅನುಕೂಲವಾದದ್ದಿರಲಿ. ವಾರ್ಡಿನ ಸದಸ್ಯರನ್ನು ಕರೆಯೋಣ. ಬಂದರೆ ಸಂತೋಷ, ಬಾರದಿದ್ದರೆ ಬರಲಿಲ್ಲ ಎಂದು ಪುಸ್ತಕದಲ್ಲಿ ಬರೆಯೋಣ.

ಎರಡನೆಯದು, ಆ ಪುಸ್ತಕ. ಎಷ್ಟೋ ಒಳ್ಳೆಯ ಕೂಟಗಳು ಸತ್ತದ್ದು ನಡಾವಳಿ ಬರೆಯದೆ. ಏನು ಕೇಳಿದೆವು, ಯಾರು ಏನು ಹೇಳಿದರು, ಯಾವ ತಾರೀಖಿಗೆ ಮಾಡುತ್ತೇವೆ ಎಂದರು, ಅಷ್ಟು ಸಾಕು. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಪುರಸಭೆ ತನ್ನ ಆಯವ್ಯಯ, ಕಾಮಗಾರಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಬಜೆಟ್ ಮಂಡಿಸುವ ಮೊದಲು ಪುರಸಭೆಗಳು ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿಗೆ ನಾಲ್ಕು ಜನ ಹೋಗಿ ಬಿಸ್ಕತ್ತು ತಿಂದು ಬರುವ ಬದಲು ಎಲ್ಲ ವಾರ್ಡಿನ ನಡಾವಳಿ ಪುಸ್ತಕಗಳನ್ನು ಹಿಡಿದುಕೊಂಡು ಹೋಗೋಣ.

ಮೂರನೆಯದು, ಎರಡು ಬೋರ್ಡು. ಬಸ್ ನಿಲ್ದಾಣದ ಹತ್ತಿರ ಒಂದು: ಶಾಖಾ ನಾಲೆಯಲ್ಲಿ ಇವತ್ತು ಎಷ್ಟು ಗೇಜು ನೀರು, ಮುಂದಿನ ಸರದಿ ಯಾವತ್ತು, ಕೊನೆಯ ತೂಬಿಗೆ ತಲುಪಿತೇ. ಪುರಸಭೆಯ ಮುಂದೆ ಇನ್ನೊಂದು: ಯಾವ ಬೀದಿದೀಪದ ದೂರು ಎಷ್ಟು ದಿನದಿಂದ ಬಾಕಿ. ಹರಿಹರದ ಹಿರಿಯರು ಕಲ್ಲಿನ ಮೇಲೆ ಬರೆಸಿದರು. ನಮಗೆ ಸುಣ್ಣದ ಗೋಡೆ ಸಾಕು.

ನಾಲ್ಕನೆಯದು, ಕಾಯ್ದೆ. ಸಣ್ಣ ಪಟ್ಟಣಗಳಿಗೂ ವಾರ್ಡ್ ಸಭೆಯ ಹಕ್ಕು ಕೊಡಿ ಎಂದು ಕರ್ನಾಟಕದ ಪೌರಸಭೆಗಳ ಕಾಯ್ದೆಗೆ ತಿದ್ದುಪಡಿ ಕೇಳಬೇಕು. ಈ ಬೇಡಿಕೆ ಬೆಂಗಳೂರಿನಿಂದ ಬರುವುದಿಲ್ಲ. ಅವರಿಗೆ ಅದರ ಅಗತ್ಯವಿಲ್ಲ. ಹರಿಹರ, ಮಲೆಬೆನ್ನೂರು, ಹೊನ್ನಾಳಿ, ಚನ್ನಗಿರಿ, ಜಗಳೂರಿನಂಥ ಊರುಗಳಿಂದಲೇ ಏಳಬೇಕು. ನಮ್ಮ ಶಾಸಕರಿಗೆ, ಸಂಸದರಿಗೆ, ಅವರು ಯಾವ ಪಕ್ಷದವರಾದರೂ ಸರಿ, ಮುಂದಿನ ಚುನಾವಣೆಗೆ ಕೇಳುವ ಐದು ಪ್ರಶ್ನೆಗಳಲ್ಲಿ ಇದು ಮೊದಲನೆಯದಾಗಲಿ.

ಅಡ್ಡಿಗಳು ನನಗೆ ಗೊತ್ತು. ಇಂಥ ಸಭೆಯನ್ನು ಯಾರೋ ಒಬ್ಬ ಮುಂದಿನ ಪುರಸಭೆ ಚುನಾವಣೆಯ ಅಭ್ಯರ್ಥಿ ಕೈಗೆ ತೆಗೆದುಕೊಳ್ಳಬಹುದು. ದೊಡ್ಡ ಜಾತಿಯವರ ಮಾತೇ ನಡೆದು ಕೇರಿಯವರು ಹಿಂದೆ ನಿಲ್ಲಬಹುದು. ಮೂರನೇ ಸಭೆಗೆ ಹತ್ತೇ ಜನ ಬರಬಹುದು. ಇದಕ್ಕೆ ಉಪಾಯ ಇಷ್ಟು: ಅಧ್ಯಕ್ಷತೆ ಸರದಿಯ ಮೇಲೆ ಬದಲಾಗಲಿ, ಮೊದಲ ಮಾತು ಪೌರಕಾರ್ಮಿಕರ ಮನೆಯವರದ್ದಾಗಲಿ, ಹತ್ತು ಜನ ಬಂದರೂ ನಡಾವಳಿ ಬರೆಯುವುದು ನಿಲ್ಲದಿರಲಿ. ಗ್ರಾಮಸಭೆಗಳೂ ಎಷ್ಟೋ ಕಡೆ ಕೋರಂ ಇಲ್ಲದೆ ಮುಂದೂಡಲ್ಪಟ್ಟಿವೆ. ಆ ಕಾರಣಕ್ಕೆ ಯಾರೂ ಗ್ರಾಮಸಭೆಯನ್ನು ರದ್ದು ಮಾಡಿ ಎನ್ನಲಿಲ್ಲ.

ಈ ದತ್ತಿ ಇಟ್ಟವರು ಒಂದು ಮೊತ್ತವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರವರನ್ನು ಕೂರಿಸಿ ಒಂದು ಮಾತು ಕೇಳಿಸಬೇಕು ಎಂದು ಬಯಸಿದರು. ಈ ವರ್ಷ ಒಂದು ವಿನಂತಿ. ಉಪನ್ಯಾಸ ಮುಗಿದ ಮೇಲೆ ಚಹಾ ಕುಡಿದು ಹೋಗುವ ಮೊದಲು ನಿಮ್ಮ ನಿಮ್ಮ ವಾರ್ಡಿನವರು ಬಾಗಿಲ ಹತ್ತಿರ ಗುಂಪಾಗಿ ನಿಂತು ಮೊದಲ ಸಭೆಯ ತಾರೀಖು ಗೊತ್ತು ಮಾಡಿಕೊಳ್ಳಿ. ನಡಾವಳಿ ಪುಸ್ತಕದ ಖರ್ಚನ್ನು ನಾನು ಕೊಡುತ್ತೇನೆ.